ಶೆಡ್ಡಿನ ಮಣ್ಣಿನ ಗೋಡೆ

ನಮ್ಮ ಹಿತ್ತಲಿನ ಶೆಡ್ಡಿನ ಮಾತು ತೆಗೆದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಬೈಲಹೊಂಗಲದಲ್ಲಿ ಮನೆ ಕಟ್ಟಿಸಿದಾಗ ಹಿಂದೆ ಒಂದಿಷ್ಟು ಎರೆಮಣ್ಣಿನ ಜಾಗ ಖಾಲಿ ಬಿಟ್ಟಿದ್ದೆವು. ಅದರಲ್ಲಿ ಬದನೆ, ಮೆಣಸು, ಹೀರೆ, ಒಂದೆರಡು ಸಾಲು ಶಾವಂತಿಗೆ ಹಾಕಿದವಳು ನಾನು. ಕಳೆ ತೆಗೆಯುವವಳು ನಾನು, ನೀರು ಬಿಡುವವಳು ನಾನು. ಆದರೆ ಗುದ್ದಲಿ, ಸಲಿಕೆ, ಕುರ್ಪಿ ಇಡಲು ಒಂದು ಸಣ್ಣ ಶೆಡ್ಡು ಬೇಕು ಎಂದು ನಾನು ಬಾಯಿಬಿಟ್ಟದ್ದೇ ತಡ, ಮನೆಮಂದಿಯೆಲ್ಲ ಅದಕ್ಕೆ ಯಜಮಾನರಾಗಿಬಿಟ್ಟರು.

ನಮ್ಮ ಮನೆಯವರು ಬಸ್ ಡಿಪೋದಲ್ಲಿ ನೌಕರಿ ಮಾಡಿ ನಿವೃತ್ತರಾದವರು. ಬಾಗಿಲು ಎಂದರೆ ಅದರೊಳಗೆ ಗಾಡಿ ನುಗ್ಗಬೇಕು ಎಂಬುದು ಅವರ ತಿಳಿವಳಿಕೆ. ಯರಗಟ್ಟಿಯಲ್ಲಿ ಗೊಬ್ಬರದ ಅಂಗಡಿ ಇಟ್ಟಿರುವ ಮೈದುನ ಬಂದು, ಕಟ್ಟುವುದು ಕಟ್ಟುತ್ತೀರಿ, ಇನ್ನಷ್ಟು ದೊಡ್ಡದೇ ಕಟ್ಟಿ, ನನ್ನ ಚೀಲಗಳನ್ನೂ ಇಡಬಹುದು ಎಂದ. ಕಿಟಕಿ ಯಾಕೆ, ಬೆಕ್ಕು ಬರುತ್ತದೆ ಎಂದರು ಒಬ್ಬರು. ಬಾಗಿಲು ದಕ್ಷಿಣಕ್ಕೆ ಬೇಡ ಎಂದರು ಇನ್ನೊಬ್ಬರು. ಅಲ್ರೀ, ಗುದ್ದಲಿಗೆ ಎಂಥ ದಿಕ್ಕು? ಹತ್ತು ಜನ ಕೂಡಿದಲ್ಲಿ ಹಾವು ಸಾಯುವುದಿಲ್ಲ ಎಂಬ ಗಾದೆಯನ್ನು ಮಾಡಿದವರು ಶೆಡ್ಡು ಕಟ್ಟಿಸಿದವರೇ ಇರಬೇಕು.

ನನಗೆ ಬೇಕಾಗಿದ್ದದ್ದು ಬಹಳ ಇಲ್ಲ. ಬಗ್ಗದೆ ಕೈಗೆ ಸಿಗುವ ಎತ್ತರದಲ್ಲಿ ಗೂಟ. ಗೆದ್ದಲು ಹತ್ತದಂತೆ ನೆಲಕ್ಕೆ ಪರಸಿಕಲ್ಲು. ಬಾಗಿಲ ಹತ್ತಿರ ಕೂತು ಸಸಿಯ ಬೇರು ಬಿಡಿಸಲು ಒಂದು ಕಟ್ಟೆ. ಇವುಗಳಲ್ಲಿ ಕಟ್ಟೆ ಹೋಯಿತು, ಗೂಟ ಆಮೇಲೆ ನೋಡೋಣ ಎಂದಾಯಿತು, ಬಾಗಿಲು ಬೈಕು ಹೋಗುವಷ್ಟು ಅಗಲವಾಯಿತು. ಒಂದೇ ಒಂದು ವಿಷಯಕ್ಕೆ ನಾನು ಹಟ ಹಿಡಿದು ಕೂತೆ. ಮೂರು ಕಡೆ ಏನು ಬೇಕಾದರೂ ಹಾಕಿ, ಬಡಗು ದಿಕ್ಕಿನ ಗೋಡೆ ಮಾತ್ರ ಮಣ್ಣಿನದೇ ಆಗಬೇಕು ಎಂದೆ.

ಗೋಡೆ ಕಟ್ಟಲು ಬಂದ ಗೌಂಡಿ ನಕ್ಕುಬಿಟ್ಟ. "ಜಗತ್ತೆಲ್ಲ ಮಣ್ಣಿನ ಗೋಡಿ ಕೆಡವಿ ಸಿಮೆಂಟ್ ಹಾಕಸಾಕತ್ತೇತಿ. ನೀವೊಬ್ಬರು ನೋಡ್ರಿ ಅಕ್ಕಾರ" ಎಂದ. ನಗಲಿ ಬಿಡು ಎಂದುಕೊಂಡೆ. ಆ ಗೋಡೆ ಯಾಕೆ ಎಂದು ನನಗೆ ಗೊತ್ತಿತ್ತು.

ನನ್ನ ತವರು ರಾಮದುರ್ಗ ಸೀಮೆಯ ಕಟಕೋಳ. ನಮ್ಮವ್ವ ಹೀರೆಬೀಜವನ್ನು ಡಬ್ಬಿಯಲ್ಲಿ ಇಟ್ಟವಳೇ ಅಲ್ಲ. ಚಳಿಗಾಲದಲ್ಲಿ ಬಳ್ಳಿಯ ಮೇಲೆ ಒಣಗಿದ ಕಾಯಿ ಒಡೆದು, ಹಸಿ ಸೆಗಣಿಯಲ್ಲಿ ನಾಲ್ಕಾರು ಬೀಜ ಒತ್ತಿ, ಅಂಗೈ ಅಗಲದ ಕುಳ್ಳು ತಟ್ಟಿ, ಮಣ್ಣಿನ ಗೋಡೆಗೆ ಬಡಿಯುತ್ತಿದ್ದಳು. ಉರಿಸುವ ಕುಳ್ಳಿನ ಜೊತೆ ಬೆರೆತು ಹೋಗಬಾರದೆಂದು ಇವುಗಳಲ್ಲಿ ಒಂದೊಂದರ ನಡುಮಧ್ಯಕ್ಕೂ ಒಂದು ಸುಣ್ಣದ ಬೊಟ್ಟು. ಮುಂಗಾರಿನ ಮಿರ್ಗದ ಮಳೆ ಬಿದ್ದ ಮೇಲೆ ಕುಳ್ಳು ಕಿತ್ತು ಹಾಗೇ ನೆಲದಲ್ಲಿ ಹುಗಿದರೆ ಮುಗಿಯಿತು. ಹುಳು ಮುಟ್ಟುತ್ತಿರಲಿಲ್ಲ, ಬೇಸಿಗೆಯ ಝಳ ತಾಗುತ್ತಿರಲಿಲ್ಲ. ತಗಡಿಗೆ ಕುಳ್ಳು ಹಿಡಿಯುವುದಿಲ್ಲ, ಹಿಡಿದರೂ ನಮ್ಮ ಏಪ್ರಿಲ್ ಬಿಸಿಲಿಗೆ ಬೀಜ ಹುರಿದು ಹೋಗುತ್ತದೆ. ಸಿಮೆಂಟೂ ಅಷ್ಟೇ.

ಅವ್ವನ ಹೀರೆ ಗಿಡ್ಡ, ದಪ್ಪ, ಕಪ್ಪು ಹಸಿರು. ಎಳೆಯ ಕಾಯಿಗೆ ಒಂದು ಬಗೆಯ ಸಿಹಿ ಇತ್ತು. ಅವಳು ಹೋದ ಮೇಲೆ ತಮ್ಮಂದಿರು ಹಿತ್ತಲಲ್ಲಿ ಅಂಗಡಿ ಸಾಲು ಎಬ್ಬಿಸಿದರು. ಅಲ್ಲಿ ಬಳ್ಳಿ ಹೋಯಿತು. ನಾನು ಬೀಜ ಕೊಟ್ಟ ನೆರೆಯವರೆಲ್ಲ ಕಾಯಿ ಚೆಂದಾಗಿ ತಿಂದರು, ಬೀಜಕ್ಕೆಂದು ಒಂದು ಕಾಯಿಯನ್ನೂ ಬಳ್ಳಿಯಲ್ಲಿ ಬಿಡಲಿಲ್ಲ. ಹಾಗಾಗಿ ಆ ಬೀಜ ಉಳಿದಿದ್ದದ್ದು ನನ್ನ ಹತ್ತಿರ ಮಾತ್ರ.

ಅಂತೂ ಗೋಡೆ ಎದ್ದಿತು, ಶೆಡ್ಡು ಆಯಿತು. ಆಮೇಲೆ ಶುರುವಾಯಿತು ಇನ್ನೊಂದು ಕಾಟ. ನಮ್ಮ ಕಡೆ ಯಾರದಾದರೂ ಮನೆಯಲ್ಲಿ ಖಾಲಿ ಜಾಗ ಕಂಡರೆ ಅದು ಬಳಗಕ್ಕೆಲ್ಲ ಸೇರಿದ್ದು. ಮೈದುನನ ಚೀಲ ಬಂದವು. ಭಾವನ ಮನೆಯ ಕೆಟ್ಟ ಕೂಲರ್ ಬಂತು. ಓಣಿಯ ಗಣಪತಿ ಮಂಟಪದ ಬಿದಿರು ಬಂತು, ನೀರು ಕುಡಿದು ಕಲ್ಲಾದ ಸಿಮೆಂಟ್ ಚೀಲ ಬಂತು. ಯಾರು ಕೇಳಿದರೂ ನಮ್ಮ ಮನೆಯವರದು ಒಂದೇ ಉತ್ತರ, "ಇಡ್ರಿ, ಜಾಗ ಐತಿ." ನನ್ನ ಗುದ್ದಲಿ, ಸಲಿಕೆ ಬೇವಿನ ಗಿಡದ ಬುಡದಲ್ಲಿ ತುಕ್ಕು ಹಿಡಿದವು. ಕುರ್ಪಿ ಬೇಕಾದರೆ ಕೂಲರ್ ದಾಟಿ ಬಿದಿರು ಸರಿಸಿ ಹೋಗಬೇಕು. ನಾನು ಕೂಗಾಡಿದೆ, ಅವರು ಪೇಪರ್ ಓದಿದರು. ಕೊನೆಗೆ, ಗೋಡೆಯೊಂದು ನನಗಿರಲಿ, ಉಳಿದದ್ದು ಹಾಳಾಗಿ ಹೋಗಲಿ ಎಂದು ಸುಮ್ಮನಾದೆ. ಆ ವರ್ಷ ಇದ್ದ ಬೀಜವನ್ನೆಲ್ಲ ಕುಳ್ಳಿಗೆ ಒತ್ತಿ, ಬೊಟ್ಟಿಟ್ಟು, ಹೊರಗಿನಿಂದ ಗೋಡೆ ತುಂಬ ಬಡಿದೆ.

ಹೋಳಿ ಹುಣ್ಣಿಮೆಯ ದಿನ ನಾನು ಕಿತ್ತೂರಿಗೆ ಅಕ್ಕನ ಮೊಮ್ಮಗಳ ತೊಟ್ಟಿಲ ಕಾರ್ಯಕ್ಕೆ ಹೋಗಿದ್ದೆ. ಸಂಜೆ ಬಸ್ಸಿನಲ್ಲಿ ನಿಂತು ಬಂದು, ಸಾಕಾಗಿ ಉಂಡು ಮಲಗಿದೆ. ಹಿತ್ತಲ ಕಡೆ ಹೋಗಲಿಲ್ಲ. ಬೆಳಗಾಗುತ್ತಲೇ ನಮ್ಮ ಮನೆಯವರು ಓಣಿಯ ತುದಿಯಲ್ಲಿ ಸುಟ್ಟ ಕಾಮಣ್ಣನ ಕೆಂಡವನ್ನು ಸಲಿಕೆಯಲ್ಲಿ ಹೊತ್ತುಕೊಂಡು ಬಂದರು. ಕಾಮಣ್ಣನ ಬೆಂಕಿ ತಂದು ಮನೆಯ ಒಲೆ ಹೊತ್ತಿಸುವುದು ನಮ್ಮಲ್ಲಿ ಹಳೆಯ ಪದ್ಧತಿ. ಈಗ ಒಲೆ ಎಲ್ಲಿದೆ, ಎಲ್ಲರದೂ ಗ್ಯಾಸು. ಅದಕ್ಕೇ ಅಂಗಳದ ಇದ್ದಿಲ ಶೇಗಡಿಗೆ ಸುರುವಿ, ಕಡಲೆ ಹುರಿ ಎಂದರು. ಮುಖದಲ್ಲಿ ಏನು ಹಿಗ್ಗು! ಈ ವರ್ಷ ಓಣಿಯಲ್ಲಿ ಯಾರ ಮನೆಯಲ್ಲೂ ಕುಳ್ಳು ಸಿಗಲಿಲ್ಲವಂತೆ, ಟೈರು ಸುಡುವುದಕ್ಕೆ ಹೊರಟಿದ್ದರಂತೆ, ಇವರೇ ಮರ್ಯಾದೆ ಉಳಿಸಿದರಂತೆ.

ನಾನು ಕಡಲೆಯ ಬುಟ್ಟಿ ಹಿಡಿದು ಬಗ್ಗಿದೆ. ಕೆಂಡದ ನಡುವೆ ಅರ್ಧ ಸುಟ್ಟ ಒಂದು ಸಣ್ಣ ಕುಳ್ಳು ಇತ್ತು. ಅದರ ಮೇಲೆ ಸುಣ್ಣದ ಬೊಟ್ಟು.

"ಇದೆಲ್ಲಿದು?" ಎಂದು ಕೇಳಿದೆ.

"ನಮ್ಮ ಶೆಡ್ಡಿನ ಗೋಡಿ ಮ್ಯಾಲಿಂದು. ಬೊಟ್ಟಿಟ್ಟು ಎಷ್ಟು ಚೆಂದ ತಟ್ಟಿದ್ದಿ. ಕಾಮಣ್ಣಗಂತ ಮಾಡಿಟ್ಟಿದ್ದಿ ಅನ್ಕೊಂಡೆ."

"ಎಷ್ಟು ಕೊಟ್ರಿ?"

"ಎಲ್ಲಾ ಕೊಟ್ಟೆ. ದೇವರ ಕೆಲಸಕ್ಕ ಎಣಿಸಿ ಕೊಡತಾರೇನು?"

ಆ ಗೋಡೆಗಾಗಿ ನಾನು ಗೌಂಡಿಯ ಜೊತೆ, ಮೈದುನನ ಜೊತೆ, ಇವರ ಜೊತೆ ಜಗಳಾಡಿದ್ದು ಇವರ ಎದುರಿಗೇ. ಬೀಜಕ್ಕೆ ಎಂದು ಬಾಯಿ ಒಣಗುವ ಹಾಗೆ ಹೇಳಿದ್ದೆ. ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟಿದ್ದರು. ಕೈಯಲ್ಲಿದ್ದ ಕಡಲೆಯ ಬುಟ್ಟಿ ನೆಲಕ್ಕೆ ಒಗೆದೆ.

"ಅದು ನಮ್ಮವ್ವನ ಹೀರಿ ಬೀಜರಿ. ಇನ್ನ ಎಲ್ಲೂ ಇಲ್ಲ" ಎಂದೆ.

ಅವರು ಬಗ್ಗಿ ಚೆಲ್ಲಿದ ಕಡಲೆಯನ್ನು ಬುಟ್ಟಿಗೆ ತುಂಬಿದರು. ಆಮೇಲೆ ಮೆತ್ತಗೆ, ಹೀರೆಬೀಜವೇ ಅಲ್ಲವೇ, ಯರಗಟ್ಟಿಯಲ್ಲಿ ಸಿಗುತ್ತವೆ ತಗೋ ಎಂದರು. ಆ ಮಾತಿಗೆ ನನಗೆ ಅಳು ಬಂತು. ಕಾಮಣ್ಣನಿಗೆ ಹೋದ ಕಟ್ಟಿಗೆ ಕುಳ್ಳಿನ ಬಗ್ಗೆ ಯಾರನ್ನೂ ಬೈಯುವ ಹಾಗಿಲ್ಲ, ಕದ್ದು ಒಯ್ದರೂ ಅದು ಕಳವಲ್ಲ ಎನ್ನುತ್ತಾರೆ. ಅವತ್ತು ಓಣಿಯ ಗಂಡಸರೆಲ್ಲ ಬಣ್ಣ ಬಳಿದುಕೊಂಡು ಲಬೋ ಲಬೋ ಎಂದು ಬಾಯಿ ಬಡಿದುಕೊಂಡು ಓಡಾಡಿದರು. ನಿಜವಾಗಿ ಬಡಿದುಕೊಳ್ಳಬೇಕಾದ ನಾನು ಅಡುಗೆಮನೆಯಲ್ಲಿ ಹೋಳಿಗೆ ಲಟ್ಟಿಸುತ್ತಿದ್ದೆ.

ಆಮೇಲೆ ತಮ್ಮಂದಿರಿಗೆ ಫೋನು ಮಾಡಿದೆ, ನೆರೆಯವರನ್ನು ಕೇಳಿದೆ. ಚಚಡಿಯಲ್ಲಿ ಒಬ್ಬ ಬೀಗರಿಗೆ ಹಿಂದೆಂದೋ ಬೀಜ ಕೊಟ್ಟ ನೆನಪಾಗಿ ಅಲ್ಲಿಗೂ ಹೋಗಿಬಂದೆ. ಅವರು ಚಹಾ ಕೊಟ್ಟರು, ಬಹಳ ರುಚಿ ಇತ್ತು ನೋಡ್ರಿ ಎಂದರು, ಬೀಜ ಮಾತ್ರ ಇರಲಿಲ್ಲ.

ನಮ್ಮ ಮನೆಯವರಿಗೆ ತಪ್ಪು ತಿಳಿಯದೇ ಇರಲಿಲ್ಲ. ನಾನು ವರ್ಷಗಟ್ಟಲೆ ಹೇಳಿದರೂ ಆಗದ ಕೆಲಸವನ್ನು ಆ ವಾರದಲ್ಲೇ ಮಾಡಿಬಿಟ್ಟರು. ಕೂಲರ್ ಭಾವನ ಮನೆಗೆ ಮರಳಿತು, ಚೀಲ ಯರಗಟ್ಟಿಗೆ ಹೋದವು. ಗೂಟ ಬಡಿಸಿದರು, ಕಟ್ಟೆ ಕಟ್ಟಿಸಿದರು. ಗುದ್ದಲಿಯ ತುಕ್ಕು ತಾವೇ ಕೂತು ತಿಕ್ಕಿದರು. ಕೊನೆಗೆ ಅಂಗಡಿಯಿಂದ ಹೀರೆಬೀಜದ ಒಂದು ಪಾಕೀಟು ತಂದು ಕಟ್ಟೆಯ ಮೇಲೆ ಇಟ್ಟರು. ಶೆಡ್ಡು ನಾನು ಬಯಸಿದ ಹಾಗೇ ಆಗಿತ್ತು, ಒಳಗೆ ಕಾಲಿಡುವ ಮನಸ್ಸೇ ಆಗಲಿಲ್ಲ.

ಮಳೆ ಬಿದ್ದ ಮೇಲೆ, ಬೀಜ ಏನು ಪಾಪ ಮಾಡಿದೆ ಎಂದು ಅದನ್ನೇ ಊರಿದೆ. ಬಳ್ಳಿ ಜೋರಾಗಿ ಹಬ್ಬಿತು. ಉದ್ದುದ್ದ ಕಾಯಿ ಬಿಟ್ಟಿತು. ಮೊದಲ ಕಾಯಿ ಕೊಯ್ದು ಪಲ್ಯ ಮಾಡಿ ರೊಟ್ಟಿಯ ಜೊತೆ ಬಡಿಸಿದೆ. ನಮ್ಮ ಮನೆಯವರು ಒಂದು ತುತ್ತು ತಿಂದು ತಲೆ ಎತ್ತಿದರು.

"ನೋಡು, ಸುಮ್ಮನ ಅತ್ತಿ. ನಿಮ್ಮವ್ವನ ಹೀರಿಕಾಯಿ ಹಂಗಽ ಐತಿ" ಎಂದರು.

ನನ್ನ ಸಮಾಧಾನಕ್ಕೆ ಹೇಳಿದರೇನೋ ಎಂದು ಅವರ ಮುಖ ನೋಡಿದೆ. ಅಲ್ಲ, ನಿಜವಾಗಿಯೇ ಹೇಳಿದ್ದರು. ಮದುವೆಯಾದಾಗಿನಿಂದ ಆ ಕಾಯಿಯನ್ನು ಉಂಡವರಿಗೆ ಇದು ಬೇರೆ ಎಂದು ತಿಳಿದಿರಲಿಲ್ಲ. ಸಿಟ್ಟು ನೆತ್ತಿಗೇರಿತು, ಜಗಳಕ್ಕೆ ಬಾಯಿ ತೆರೆದೆ. ಆದರೆ ನಮ್ಮವ್ವನ ಹೀರೆ ಹೀಗಿರಲಿಲ್ಲ ಎಂದು ತಿನ್ನಿಸಿ ತೋರಿಸಲು ನನ್ನ ಹತ್ತಿರ ಅದರ ಒಂದು ಕಾಯಿಯೂ ಇರಲಿಲ್ಲ.