ಜಮಖಂಡಿಯಲ್ಲಿ ಬಿಟ್ಟದ್ದು ಬನಹಟ್ಟಿಯಲ್ಲಿ ಸಿಕ್ಕಿತು

ನಮ್ಮ ಕಂಪ್ಯೂಟರ್ ಅಕ್ಕೋರ ಬಲಗೈಯ ಹೆಬ್ಬೆರಳು, ತೋರುಬೆರಳು ಸುಮ್ಮನಿರುತ್ತಿರಲಿಲ್ಲ. ಪಾಠ ಹೇಳುವಾಗ, ಬಸ್ಸಿಗೆ ಕಾಯುವಾಗ, ಪ್ರಿನ್ಸಿಪಾಲರಿಂದ ಬೈಸಿಕೊಳ್ಳುವಾಗಲೂ ಕಾಣದ ಎಳೆಯೊಂದನ್ನು ಹೊಸೆಯುತ್ತಲೇ ಇರುತ್ತಿದ್ದವು. ರಬಕವಿಯ ನೇಕಾರರ ಮನೆಯಲ್ಲಿ ಹುಟ್ಟಿದವರು. ಮಗ್ಗದಲ್ಲಿ ಉದ್ದಕ್ಕೆ ಬಿಗಿದ ಹಾಸು ಮುಗಿಯುತ್ತ ಬಂದಾಗ ಹಳೆಯ ಎಳೆಗಳ ತುದಿಗೆ ಹೊಸ ಎಳೆಗಳನ್ನು ಒಂದೊಂದಾಗಿ ಹೊಸೆದು ಕೂಡಿಸುವುದಕ್ಕೆ ಕೆಚ್ಚುವುದು ಎನ್ನುತ್ತಾರೆ. ಶಾಲೆಗೆ ಹೋಗುವ ಮೊದಲೇ ಆ ಬೆರಳುಗಳು ಅದನ್ನು ಕಲಿತಿದ್ದವು.

ಜಮಖಂಡಿಯ ಕಾಲೇಜಿನಲ್ಲಿ ಅವರ ಲ್ಯಾಬ್. ಕೆಲಸವೆಲ್ಲ ಒಳಕೋಣೆಯ ದೊಡ್ಡ ಕಂಪ್ಯೂಟರಿನಲ್ಲೇ ನಡೆಯುತ್ತಿತ್ತು, ನಮ್ಮ ಮುಂದಿನ ಪರದೆಗಳು ಅದನ್ನು ನೋಡುವ ಕಿಟಕಿಗಳಷ್ಟೇ. ಒಂದು ಪರದೆಯ ಮುಂದಿನಿಂದ ಎದ್ದು ಇನ್ನೊಂದರಲ್ಲಿ ಹೆಸರು ಹಾಕಿದರೆ ಕೆಲಸ ಬಿಟ್ಟಲ್ಲಿಯೇ ಸಿಗುತ್ತಿತ್ತು. ನನಗೋ, ಏಳುವ ಮೊದಲು ಎಲ್ಲವನ್ನೂ ಮುಚ್ಚಿ ಲಾಗೌಟ್ ಮಾಡುವ ಚಟ. ಅದೇ ಅಚ್ಚುಕಟ್ಟು ಎಂದುಕೊಂಡಿದ್ದೆ.

"ಹಾಸು ಮುಗದ ಮ್ಯಾಲ ನಿಮ್ಮವ್ವ ಮಗ್ಗದ ಹಣಿಗ್ಯಾಗಿನ ಎಳಿ ಎಲ್ಲಾ ಕಿತ್ತು ಒಗೀತಾಳೇನು?" ಎಂದು ಕೇಳಿದರು ಒಮ್ಮೆ, ನಮ್ಮ ಮನೆಯಲ್ಲೂ ಮಗ್ಗವಿರುವುದು ಗೊತ್ತಿದ್ದು.

"ಇಲ್ರೀ. ಹೊಸಾದು ಕೆಚ್ಚಬೇಕಲ್ರೀ."

"ಮತ್ತ ನೀ ಯಾಕ ಕೀಳತಿ? ಎಳಿ ಬಿಟ್ಟು ಏಳು. ಕಡದು ಏಳಬ್ಯಾಡ."

ಬನಹಟ್ಟಿಯ ನಮ್ಮ ನೇಕಾರರ ಸಂಘ ಸೀರೆಯ ಡಿಸೈನನ್ನು ಯಾವಾಗಲೂ ಹೊರಗಿನವರಿಂದ ತರಿಸುತ್ತಿತ್ತು. ಅಕ್ಕೋರು ಹೋಗಿ ಹಿರಿಯರ ಬೆನ್ನು ಬಿದ್ದು ನನಗೊಂದು ಅವಕಾಶ ಕೊಡಿಸಿದರು. ಮೆಚ್ಚಿದರೆ ಆ ಕೆಲಸ ನನ್ನದು, ಇಲ್ಲದಿದ್ದರೆ ಮತ್ತೆ ಹೊರಗಿನವರದು. ತೋರಿಸುವ ದಿನ ಬಸ್ಸಿನ ಹೊತ್ತಾಯಿತು. ನನ್ನ ಅಂಚು, ಸೆರಗುಗಳನ್ನು ಇಡೀ ಸೀರೆಗೆ ಹೊಂದಿಸುವ ಲೆಕ್ಕ ಕಂಪ್ಯೂಟರಿನಲ್ಲಿ ಇನ್ನೂ ಅರ್ಧ ದಾರಿಯಲ್ಲಿತ್ತು. ಕೈ ತನ್ನಷ್ಟಕ್ಕೆ ಲಾಗೌಟಿನತ್ತ ಹೋಯಿತು. ಒತ್ತಿದ್ದರೆ ಎಲ್ಲ ಮೊದಲಿನಿಂದ ಶುರು. ಅಕ್ಕೋರು ನನ್ನ ಮಣಿಕಟ್ಟು ಹಿಡಿದರು. ಲೆಕ್ಕವನ್ನು ನಡೆಯಲು ಬಿಟ್ಟು ಪರದೆಯನ್ನಷ್ಟೇ ಮುಚ್ಚಿ, "ನಡಿ, ನಾನೂ ಬರತೇನಿ" ಎಂದರು.

ಬಸ್ಸಿನಲ್ಲಿ ನಾನು ನನ್ನ ಹೆಸರು ಹಾಕಿದ ಕೂಡಲೇ ಅವರ ಮೊಬೈಲಿನಲ್ಲಿ ನನ್ನ ಸೀರೆ ತೆರೆದುಕೊಂಡಿತು, ಲೆಕ್ಕ ನಡೆದೇ ಇತ್ತು. ಕಬ್ಬಿನ ಹೊಲಗಳ ನಡುವೆ ನೆಟ್‌ವರ್ಕ್ ಹೋಗಿ ಪರದೆ ಕಪ್ಪಾಯಿತು. ನಾನು ಅದನ್ನು ಮತ್ತೆ ಮತ್ತೆ ಒತ್ತಿದೆ.

"ಹೋತ್ರೀ ಅಕ್ಕೋರ."

"ಕಿಡಕಿ ಮುಚ್ಚೇತಿ, ಮನಿ ಬಿದ್ದಿಲ್ಲ. ಶೇಂಗಾ ತಿನ್ನು" ಎಂದು ಪೊಟ್ಟಣ ಕೊಟ್ಟರು.

ಸಂಘದ ಕೋಣೆಯಲ್ಲಿ ಹಿರಿಯರೆಲ್ಲ ಟಿವಿಯ ಮುಂದೆ ಕೂತಿದ್ದರು. ಅವ್ವ ಬಾಗಿಲಲ್ಲೇ ನಿಂತಿದ್ದಳು. ಟಿವಿಗೆ ಜೋಡಿಸಿದ್ದ ಅಲ್ಲಿನ ಕಂಪ್ಯೂಟರಿನಲ್ಲಿ ಹೆಸರು ಹಾಕಿದೆ. ಲೆಕ್ಕ ಮುಗಿದಿತ್ತು. ಸೆರಗಿನಿಂದ ಅಂಚಿನವರೆಗೆ ಇಡೀ ಸೀರೆ ಟಿವಿಯ ತುಂಬ ಹರಡಿಕೊಂಡಿತು. ಲ್ಯಾಬಿನಲ್ಲಿ ನಾನು ಅರ್ಧ ಟೈಪು ಮಾಡಿ ಬಿಟ್ಟಿದ್ದ ಬಣ್ಣದ ಹೆಸರೂ ಮೂಲೆಯಲ್ಲಿ ಹಾಗೇ ಇತ್ತು.

"ಜಮಖಂಡ್ಯಾಗ ಬಿಟ್ಟಿದ್ದು ಇಲ್ಲಿ ಹೆಂಗ ಬಂತವಾ?" ಎಂದರು ಸಂಘದ ಅಧ್ಯಕ್ಷರು.

"ಎಳಿ ಹರದಿಲ್ರೀ, ಕುಂಡ್ರೂ ಜಾಗಾ ಬದಲಾತು ಅಷ್ಟ" ಎಂದರು ಅಕ್ಕೋರು.

ಅಧ್ಯಕ್ಷರು ಅಂಚಿನ ಹೂವು ದೊಡ್ಡದಾಯಿತೆಂದರು. ಅಲ್ಲೇ ಕೂತು ಚಿಕ್ಕದು ಮಾಡಿದೆ. ಅವರು ಎದ್ದು ಟಿವಿಯ ಹತ್ತಿರ ಹೋಗಿ, ಅರಿವೆ ಮುಟ್ಟುವಂತೆ ಗಾಜನ್ನು ಸವರಿದರು. "ಹೊರಗಿನವರಿಗೆ ಫೋನ್ ಹಚ್ಚಿ ಬ್ಯಾಡ ಅನ್ರಿ" ಎಂದರು. ಆ ಮಾತು ನೆನೆದರೆ ಈಗಲೂ ಎದೆ ಉಬ್ಬುತ್ತದೆ. ಮೊದಲ ಸೀರೆಯನ್ನು ಅವ್ವನೇ ನೇಯ್ದಳು.

ಅಂದಿನಿಂದ ಸಂಘದ ಡಿಸೈನ್ ಕೆಲಸ ನನ್ನದು. ಅಕ್ಕೋರು ಪ್ರತಿ ಶನಿವಾರ ಅದೇ ಕೋಣೆಗೆ ಬಂದು ನಮ್ಮ ಓಣಿಯ ಹೆಣ್ಣುಮಕ್ಕಳಿಗೆ ಡಿಸೈನ್ ಕಲಿಸತೊಡಗಿದರು. ಆ ಪಾಠಕ್ಕೆಂದೇ ಕಂಪ್ಯೂಟರಿನಲ್ಲಿ ನಾವಿಬ್ಬರೂ ಹಾಕಬಹುದಾದ ಬೇರೆ ಹೆಸರೊಂದನ್ನು ಮಾಡಿದ್ದರು. ಸರಿಯಾಗಿ ಮಾಡಿದರೆ ಹೊಗಳುತ್ತಿರಲಿಲ್ಲ, ಒಂದು ಶೇಂಗಾದ ಉಂಡಿ ಕೈಗಿಡುತ್ತಿದ್ದರು.

ಹೋದ ವರ್ಷ ತಮ್ಮ ನಿವೃತ್ತಿಯ ದಿನ ಅಕ್ಕೋರು ಲ್ಯಾಬಿನಿಂದ ಫೋನ್ ಮಾಡಿದರು. "ಪಾಠದ ಹೆಸರು ಹಾಕಿ ಪರದಿ ತಗಿ." ತೆಗೆದೆ. ಶನಿವಾರದ ಪಾಠಕ್ಕೆಂದು ಅವರು ಬರೆಯುತ್ತಿದ್ದ ಹೂವು ಅರ್ಧಕ್ಕೆ ನಿಂತಿತ್ತು, ಕರ್ಸರ್ ಎಸಳಿನ ಮೇಲೆ ಮಿನುಗುತ್ತಿತ್ತು.

"ಮುಗಿಸಿಲ್ಲೇನ್ರೀ?" ಎಂದೆ.

"ಮುಗಸೂದು ನಿಂದು. ಶನಿವಾರ ಹುಡುಗ್ಯಾರು ಬರತಾರು. ನಾ ಎದ್ದೆ, ನೀ ಕುಂಡ್ರು."

ಫೋನ್ ಇಟ್ಟರು. ನಾನು ಕುರ್ಚಿ ಎಳೆದು ಕೂತು ಉಳಿದ ಎಸಳು ತುಂಬಿದೆ.