ಮಂಗಳಾರತಿಗೆ ಇಂಗ್ಲಿಷ್ ಕುಣಿತ

ಗೌರಿಬಿದನೂರಿನ ನಮ್ಮ ಮನೆಯಲ್ಲಿ ಶುಕ್ರವಾರದ ಮಂಗಳಾರತಿಗೆ ಅಪ್ಪ ಪಿಟೀಲಿನಲ್ಲಿ ಒಂದೇ ಮಟ್ಟು ನುಡಿಸುತ್ತಿದ್ದರು. ಗುಮಾಸ್ತರಾಗಿದ್ದ ಅವರೇ ಕಟ್ಟಿದ ಮಟ್ಟು ಅದು ಎಂಬುದು ನನ್ನ ಹೆಮ್ಮೆ. ಶಾಲೆಯಲ್ಲಿ ಹೇಳಿದೆ, ಮದುವೆಯಾದ ಮೇಲೆ ಅತ್ತೆಮನೆಯಲ್ಲಿ ಹೇಳಿದೆ, ಅಪ್ಪ ತೀರಿಕೊಂಡ ಮೇಲಂತೂ ಇನ್ನೂ ಜೋರಾಗಿ ಹೇಳಿದೆ. ಈಗ ನನ್ನ ಮನೆಯಲ್ಲೂ ಆರತಿಗೆ ನಾನು ಅದನ್ನೇ ನುಡಿಸುತ್ತೇನೆ.

ಮೊನ್ನೆ ಮಗಳು ಫೋನ್ ಹಿಡಿದುಕೊಂಡು ಓಡಿಬಂದಳು. ಅದರಲ್ಲಿ ಇಂಗ್ಲೆಂಡಿನ ಯಾವುದೋ ಹಳ್ಳಿ. ಬಿಳಿ ಬಟ್ಟೆಯ ಗಂಡಸರು ಮೊಣಕಾಲಿನ ಕೆಳಗೆ ಗೆಜ್ಜೆ ಕಟ್ಟಿಕೊಂಡು, ಕರವಸ್ತ್ರ ಬೀಸುತ್ತಾ ಎಗರುತ್ತಿದ್ದಾರೆ. ಪಕ್ಕದಲ್ಲಿ ಪಿಟೀಲಿನವನು. ನುಡಿಸುತ್ತಿರುವುದು ನಮ್ಮ ಆರತಿಯ ಮಟ್ಟು, ಎರಡರಷ್ಟು ವೇಗದಲ್ಲಿ! ಹಳೆಯ ಕುಣಿತದ ಮಟ್ಟು, ಕಟ್ಟಿದವರು ಗೊತ್ತಿಲ್ಲ ಎಂದು ಕೆಳಗೆ ಬರೆದಿತ್ತು.

"ಅಮ್ಮಾ, ಇಷ್ಟು ವರ್ಷ ನಾವು ಕೈಮುಗಿದು ನಿಂತಿದ್ದು ಡ್ಯಾನ್ಸ್‌ಗಾ?" ಎಂದು ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ನನಗೆ ಮೈಯೆಲ್ಲ ಉರಿಯಿತು. ಫೋನ್ ಕಿತ್ತುಕೊಂಡು ಅರ್ಧಕ್ಕೇ ಆರಿಸಿದೆ. ಹಾಗಾದರೆ ಅಪ್ಪ ಸುಳ್ಳು ಹೇಳಿದರೇ? ಅದೊಂದೇ ಕೊರೆಯತೊಡಗಿತು. ಆ ಶುಕ್ರವಾರ ಪಿಟೀಲಿನ ಪೆಟ್ಟಿಗೆಯನ್ನೇ ತೆರೆಯಲಿಲ್ಲ.

ಇದನ್ನು ಬಲ್ಲವರು ಒಬ್ಬರೇ, ಚಿಂತಾಮಣಿಯಲ್ಲಿರುವ ಸೋದರತ್ತೆ, ಅಪ್ಪನ ಅಕ್ಕ. ಮರುದಿನವೇ ಹೊರಟು, ಚಿಕ್ಕಬಳ್ಳಾಪುರದಲ್ಲಿ ಬಸ್ಸು ಬದಲಾಯಿಸಿ ಅವರ ಮನೆ ಸೇರಿದೆ. ಅತ್ತೆ ಅವರೆಕಾಯಿ ಬಿಡಿಸುತ್ತಾ ಕುಳಿತಿದ್ದರು. ವಿಡಿಯೊ ತೋರಿಸಿದರೆ ಅವರ ಮುಖ ಅರಳಿತು.

"ಎಷ್ಟು ಚೆನ್ನಾಗಿ ಕುಣೀತಾರಮ್ಮ!"

"ಕುಣಿತ ಇರ್ಲಿ ಅತ್ತೆ," ಎಂದು ನಡುವೆಯೇ ನಿಲ್ಲಿಸಿದೆ. "ಅಪ್ಪ ತಾನೇ ಕಟ್ಟಿದ್ದು ಅಂತ ಯಾಕೆ ಸುಳ್ಳು ಹೇಳಿದ್ರು?"

"ಅವನೆಲ್ಲಿ ಹೇಳಿದ? ಹೇಳಿದ್ದು ನೀನು ಕಣೇ!"

ನಂದಿಯಲ್ಲಿದ್ದ ಪಿಟೀಲು ಮೇಷ್ಟರು ಅಪ್ಪನಿಗೆ ಅದನ್ನು ಕಲಿಸಿದ್ದರಂತೆ. ಅವರಿಗೆ ಬೆಂಗಳೂರಿನಲ್ಲಿ ಇಂಗ್ಲಿಷರ ಬ್ಯಾಂಡಿನಲ್ಲಿದ್ದವರೊಬ್ಬರಿಂದ ಬಂದದ್ದಂತೆ.

"ನಿನಗಾಗ ಐದು ವರ್ಷ. ನಮ್ಮಪ್ಪನೇ ಕಟ್ಟಿದ್ದು ಅಂತ ಬೀದಿಯವರನ್ನೆಲ್ಲ ಕರ್ಕೊಂಡು ಬಂದು ಕೂರಿಸ್ದೆ. ನಿನ್ನ ಮುಖ ನೋಡಿ ಅಲ್ಲ ಅನ್ನಕ್ಕೆ ಅವನಿಗೆ ಬಾಯಿ ಬರ್ಲಿಲ್ಲ."

ನೆನಪು ಮಾಡಿಕೊಂಡೆ. ಅಪ್ಪನ ಬಾಯಿಂದ ಆ ಮಾತನ್ನು ನಾನು ಒಮ್ಮೆಯೂ ಕೇಳಿರಲಿಲ್ಲ. ಬಡಾಯಿಯೆಲ್ಲ ನನ್ನದೇ. ನಾಚಿಕೆಯಾಯಿತು, ಜೊತೆಗೆ ಎದೆ ಹಗುರವೂ ಆಯಿತು.

"ಹಾಗೇ ಸುಮ್ನೆ ಇದ್ಬಿಟ್ರಾ?"

"ಎಲ್ಲಿ ಸುಮ್ನಿದ್ದ? ಒಂದು ವಾರ ಒದ್ದಾಡಿ, ಮಟ್ಟಿನ ಕೊನೇಲಿ ಒಂದು ಸಾಲು ತಾನೇ ಕಟ್ಟಿ ಸೇರಿಸ್ದ. ಮಗು ಹೇಳಿದ್ದು ಪೂರ್ತಿ ಸುಳ್ಳಾಗಬಾರ್ದು ಅಕ್ಕ, ಅಂದ."

ವಿಡಿಯೊವನ್ನು ಮೊದಲಿನಿಂದ ಹಾಕಿ, ಈ ಸಲ ಕೊನೆಯವರೆಗೂ ಕೇಳಿದೆ. ಪಿಟೀಲಿನವನು ಕಮಾನು ಕೆಳಗಿಳಿಸಿದ, ಕುಣಿಯುವವರು ನಿಂತರು. ನಮ್ಮ ಆರತಿಯಲ್ಲಿ ಇನ್ನೂ ಒಂದು ಸಾಲು ಬಾಕಿಯಿತ್ತು. ಕಣ್ಣೊರೆಸಿಕೊಂಡು, ಅತ್ತೆಯ ಮುಂದೆ ಕುಳಿತೇ ಅದನ್ನು ಜೋರಾಗಿ ಹಾಡಿದೆ.