ತುಳಸಿ ಏರಿಸಿದ ಫೋನು
ಏಕಾದಶಿಯಂದು ನೀರನ್ನೂ ಮುಟ್ಟದ ನಿಷ್ಠೆ, ಬೈದವರಿಗೂ ಕೈಮುಗಿಯುವ ವಿನಯ, ಕನ್ನಡದ ಗಿರಾಕಿಗೆ ತಾವೇ ಕುರ್ಚಿ ಎಳೆದುಕೊಡುವ ಆದರ, ಇವೆಲ್ಲ ನೆಲೆಗೊಂಡಿರುವುದು ಚೆನ್ನೈನ ಟಿ. ನಗರದ ಮೊಬೈಲ್ ವ್ಯಾಪಾರಿ ಪಂಢರಿನಾಥರಾಯರಲ್ಲಿ. ಹಳೆಯ ನೆಟ್‌ವರ್ಕು ಬಡಾವಣೆ ಬಡಾವಣೆಯಾಗಿ ಮುಚ್ಚುತ್ತಿದೆಯೆಂದು ಬಲ್ಲ ಅವರು, ಅದರಲ್ಲಿ ಮಾತ್ರ ನಡೆಯುವ ಫೋನುಗಳಿಗೆ ತುಳಸೀದಳ ಏರಿಸಿ ನಮ್ಮವರಿಗೇ ಮಾರುತ್ತಾರೆ. “ರಾಯರೇ, ತುಳಸಿ ಒಣಗಿದ್ರೂ ಸಿಗ್ನಲ್ ಬರ್ಲಿಲ್ವಲ್ಲ?” ಎಂದು ಅಂಥ ಫೋನು ಕೊಂಡ ಜಯಲಕ್ಷ್ಮಮ್ಮ ಚುಚ್ಚಿದರೆ, “ಟವರ್ ಕೆಲಸ ನಡೀತಿದೆ ಅಮ್ಮಾ, ನಾಳೆ ವಂದುಡುಂ, ಬಂದ್ಬಿಡುತ್ತೆ,” ಎನ್ನುತ್ತಾರೆ. ಮಾರದೆ ಉಳಿದ ಅಂಥದೊಂದನ್ನು ಗೌರಿಹಬ್ಬಕ್ಕೆ ತವರಿನ ಉಡುಗೊರೆಯೆಂದು ಕ್ರೋಂಪೇಟೆಯ ತಂಗಿ ಭೀಮಾಬಾಯಿಗೂ ಕೊಟ್ಟಿದ್ದರು. ಎದೆನೋವು ಬಂದಾಗ ಒಂಟಿಯಾಗಿದ್ದ ಆಕೆ ಅಣ್ಣನಿಗೆ ಮಾಡಿದ ಕರೆ ಹೊರಡಲೇ ಇಲ್ಲ, ಆಕೆ ಉಳಿಯಲಿಲ್ಲ. ಈಗ ರಾಯರು ತಂಗಿಯ ಹೆಸರಲ್ಲಿ ಇನ್ನೊಂದು ತುಳಸೀದಳ ಹೆಚ್ಚಿಗೆ ಏರಿಸುತ್ತಾರೆ, ಮಾರುವುದನ್ನು ಮಾತ್ರ ಬಿಟ್ಟಿಲ್ಲ. ಅವರೂ ಅವರ ಮನೆಮಂದಿಯೂ ನೂರ್ಕಾಲ ಬಾಳಲಿ; ಆಪತ್ತಿನಲ್ಲಿ ಅವರಿಡುವ ಕೂಗು ಯಾರಿಗಾದರೂ ಮುಟ್ಟಲಿ.